ಹುಬ್ಬಳ್ಳಿ ಬಿಸಿಲಿನಲ್ಲಿ ಕಂಪ್ಯೂಟರಿಗೆ ನೀರಿನ ತಂಪು: ಮೊದಲ ಕಸ್ಟಮ್ ಲೂಪ್ ಕಟ್ಟುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಆರ್‌ಸಿಸಿ ಛಾವಣಿಯ ಕೆಳಗಿನ ಕೋಣೆ 36 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಗದಗಿನಲ್ಲಿ ಇನ್ನೂ ಒಂದೆರಡು ಡಿಗ್ರಿ ಹೆಚ್ಚೇ ಇರಬಹುದು. ವಾಟರ್ ಕೂಲಿಂಗಿಗೆ ದುಡ್ಡು ಹಾಕುವ ಮೊದಲು ಒಂದು ಮಾತು ಗಟ್ಟಿಯಾಗಿ ತಲೆಯಲ್ಲಿ ಕೂರಬೇಕು. ರೇಡಿಯೇಟರಿನೊಳಗೆ ಹಾಯುವ ಗಾಳಿಗಿಂತ ನೀರು ಎಂದಿಗೂ ತಣ್ಣಗಾಗುವುದಿಲ್ಲ. ಕೋಣೆ 36 ಇದ್ದರೆ ನೀರು 36ರ ಮೇಲೆಯೇ ಇರುತ್ತದೆ. ನೀರು ಮಾಡುವುದು ಹೊರೆ ಹೊರುವ ಕೆಲಸ: ಚಿಪ್ಪಿನ ಶಾಖವನ್ನು ಎತ್ತಿಕೊಂಡು ಹೋಗಿ, ರೇಡಿಯೇಟರಿನ ಅಗಲಕ್ಕೆ ಹರಡಿ, ನಿಧಾನವಾಗಿ ತಿರುಗುವ ಫ್ಯಾನುಗಳ ಕೈಗೆ ಒಪ್ಪಿಸುವುದು. ಇಲ್ಲಿಯ ಬೇಸಿಗೆಯಲ್ಲಿ ಆ ಹರಡುವ ಅಗಲವೇ ಎಲ್ಲಕ್ಕಿಂತ ಮುಖ್ಯ.

ಯಾರಿಗೆ ಇದು ಬೇಕು? ಬರೀ ಪ್ರೊಸೆಸರ್ ತಂಪು ಮಾಡಲು ಕಸ್ಟಮ್ ಲೂಪ್, ಅಂದರೆ ಬಿಡಿ ಭಾಗಗಳನ್ನು ತಂದು ನಾವೇ ಜೋಡಿಸುವ ನೀರಿನ ಸುತ್ತು, ಕಟ್ಟುವುದನ್ನು ನಾವು ಸೂಚಿಸುವುದಿಲ್ಲ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಹೆಚ್ಚಿನ ಚಿಪ್ಪುಗಳು ಪೂರ್ತಿ ಕೆಲಸದಲ್ಲಿ 95 ಡಿಗ್ರಿವರೆಗೆ ಹೋಗುವಂತೆಯೇ ತಯಾರಾದವು. ಅವುಗಳ ಶಾಖ ಹುಟ್ಟುವುದು ಉಗುರಿನಷ್ಟು ಸಣ್ಣ ಜಾಗದಲ್ಲಿ. ಆ ಇಕ್ಕಟ್ಟಿನಿಂದ ಶಾಖ ಹೊರಬರುವ ವೇಗವನ್ನು ನೀರು ಹೆಚ್ಚೇನೂ ಬದಲಿಸಲಾರದು. 120 ವ್ಯಾಟಿನ ಪ್ರೊಸೆಸರಿಗೆ ಒಳ್ಳೆಯ ಏರ್ ಕೂಲರ್ ಸಾಕು. ನೀರಿನ ನಿಜವಾದ ಲಾಭ ಗ್ರಾಫಿಕ್ಸ್ ಕಾರ್ಡಿಗೆ. ಅದರ ಚಿಪ್ಪು ದೊಡ್ಡದು, ಮೇಲೆ ಲೋಹದ ಮುಚ್ಚಳವಿಲ್ಲ, ದೊಡ್ಡ ಕಾರ್ಡಾದರೆ 300 ವ್ಯಾಟಿಗೂ ಮೇಲೆ ಶಾಖ ಉಗುಳುತ್ತದೆ. ಅಲ್ಲಿ 15ರಿಂದ 20 ಡಿಗ್ರಿ ಇಳಿಯುವುದು ಸಾಮಾನ್ಯ, ಸದ್ದಂತೂ ತೀರ ಕಡಿಮೆಯಾಗುತ್ತದೆ.

ಮೊದಲು ಶಾಖದ ಲೆಕ್ಕ

ಉದಾಹರಣೆಗೆ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ. ಕಾರ್ಡು 320 ವ್ಯಾಟ್, ಪ್ರೊಸೆಸರಿಗೆ ಧಾರಾಳವಾಗಿ 100 ಹಿಡಿಯಿರಿ. ಒಟ್ಟು 420 ವ್ಯಾಟ್. ರೇಡಿಯೇಟರನ್ನು 120 ಮಿ.ಮೀ. ಫ್ಯಾನಿನ ಅಳತೆಯಲ್ಲಿ ಎಣಿಸುತ್ತಾರೆ: 240ರದ್ದಕ್ಕೆ ಎರಡು ಫ್ಯಾನ್, 360ರದ್ದಕ್ಕೆ ಮೂರು. ಫ್ಯಾನು ನಿಮಿಷಕ್ಕೆ 1000ರಿಂದ 1200 ಸುತ್ತು ತಿರುಗುವಾಗ ಒಂದು ಫ್ಯಾನಿನ ಜಾಗ ಸುಮಾರು 100 ವ್ಯಾಟ್ ಹೊರಹಾಕುತ್ತದೆ, ಆಗ ನೀರು ಕೋಣೆಗಿಂತ 10 ಡಿಗ್ರಿ ಮೇಲಿರುತ್ತದೆ ಎಂಬುದು ರೂಢಿಯ ಅಂದಾಜು.

ಈ ಅಂದಾಜನ್ನು ನಮ್ಮೂರಿಗೆ ಹೊಂದಿಸಿ ನೋಡಿ. ಒಂದೇ 360 ರೇಡಿಯೇಟರ್ ಹಾಕಿದರೆ ಪ್ರತಿ ಫ್ಯಾನಿನ ಪಾಲಿಗೆ 140 ವ್ಯಾಟ್, ನೀರು ಕೋಣೆಗಿಂತ 14 ಡಿಗ್ರಿ ಮೇಲೆ. 27 ಡಿಗ್ರಿಯ ಕೋಣೆಯಲ್ಲಿ ಅದು 41, ಚಿಂತೆಯಿಲ್ಲ. 36 ಡಿಗ್ರಿಯ ಕೋಣೆಯಲ್ಲಿ 50. ನೀರು 50 ಮುಟ್ಟಿತೆಂದರೆ ಹುಷಾರಾಗಬೇಕು. ಹೆಚ್ಚಿನ ಪಂಪುಗಳಿಗೆ ತಯಾರಕರು ಹಾಕುವ ಮಿತಿ 60 ಡಿಗ್ರಿ, ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಪೈಪು ಮೆತ್ತಗಾಗಲು ಶುರುವಾಗುವುದೂ ಅದರ ಆಸುಪಾಸಿನಲ್ಲೇ. ಆದ್ದರಿಂದ ಇಲ್ಲಿ ಇಂಥ ಯಂತ್ರಕ್ಕೆ 360 ಒಂದು, 240 ಒಂದು, ಹೀಗೆ ಐದು ಫ್ಯಾನಿನ ಅಗಲ ಬೇಕು. ವಿಡಿಯೊಗಳಲ್ಲಿ ಒಂದೇ ರೇಡಿಯೇಟರಿನಲ್ಲಿ ಮುಗಿಸುವವರು ಎಸಿ ಕೋಣೆಯಲ್ಲೋ ತಂಪು ದೇಶದಲ್ಲೋ ಕುಳಿತಿರುತ್ತಾರೆ.

ದಪ್ಪದ ಆಸೆಗೆ ಬೀಳಬೇಡಿ. ನಿಧಾನ ತಿರುಗುವ ಫ್ಯಾನಿಗೆ 60 ಮಿ.ಮೀ. ದಪ್ಪದ ರೇಡಿಯೇಟರಿಗಿಂತ 30 ಮಿ.ಮೀ. ದಪ್ಪದ ಎರಡು ಲೇಸು. ಇನ್ನೊಂದು ಮಾತು, ರೆಕ್ಕೆಗಳು ತೀರ ಒತ್ತಾಗಿರುವ ರೇಡಿಯೇಟರ್ ನಮ್ಮ ಎರೆ ಮಣ್ಣಿನ ಸೀಮೆಗೆ ಆಗಿಬರುವುದಿಲ್ಲ. ಬೇಸಿಗೆಯ ಗಾಳಿಯಲ್ಲಿ ಬರುವ ನುಣುಪು ಧೂಳು ಅದರ ಸಂದುಗಳಲ್ಲಿ ಪದರಗಟ್ಟುತ್ತದೆ. ಒಂದು ಇಂಚಿಗೆ 16 ರೆಕ್ಕೆ ಅಥವಾ ಅದಕ್ಕೂ ಕಡಿಮೆ ಇರುವುದನ್ನು ಆರಿಸಿ. ಗಾಳಿ ಒಳಬರುವ ಕಡೆಗೆಲ್ಲ ಬಿಚ್ಚಿ ತೊಳೆಯಬಲ್ಲ ಧೂಳಿನ ಜಾಲರಿ ಇರಲೇಬೇಕು.

ಸಾಮಾನು ತರಿಸುವುದು

ಹುಬ್ಬಳ್ಳಿ-ಧಾರವಾಡದ ಕಂಪ್ಯೂಟರ್ ಅಂಗಡಿಗಳಲ್ಲಿ ಎಲ್ಲ ಜೋಡಿಸಿಯೇ ಬರುವ ಸಿದ್ಧ ಎಐಒ (ಆಲ್ ಇನ್ ಒನ್) ಕೂಲರ್ ಸಿಕ್ಕೀತು. ಕಸ್ಟಮ್ ಲೂಪಿನ ಪೈಪು ಜೋಡಿಸುವ ಫಿಟ್ಟಿಂಗನ್ನು ಮಾತ್ರ ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕಾಗುತ್ತದೆ. ಒಂದು ಫಿಟ್ಟಿಂಗ್ ಕಡಿಮೆ ಬಿದ್ದರೆ ಯಂತ್ರ ಬಿಚ್ಚಿಟ್ಟುಕೊಂಡು ನಾಲ್ಕು ದಿನ ಪಾರ್ಸೆಲ್ ದಾರಿ ಕಾಯಬೇಕು. ಅದಕ್ಕೇ ಕಾಗದದ ಮೇಲೆ ಲೂಪ್ ಬರೆದು, ಎಣಿಸಿ, ಆಮೇಲೆ ಆರ್ಡರ್ ಮಾಡಿ.

ಎಣಿಕೆ ಸರಳ: ನೀರು ಹಾಯುವ ಪ್ರತಿ ಭಾಗಕ್ಕೂ ಎರಡು ಫಿಟ್ಟಿಂಗ್. ಪ್ರೊಸೆಸರ್ ಬ್ಲಾಕಿಗೆ (ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ಕೊಡುವ ಭಾಗ) 2, ಕಾರ್ಡಿನ ಬ್ಲಾಕಿಗೆ 2, ರೇಡಿಯೇಟರ್ ಎರಡಕ್ಕೆ 4, ಪಂಪು ಮತ್ತು ಟ್ಯಾಂಕು ಕೂಡಿರುವ ಕಾಂಬೊಗೆ 2. ಹತ್ತಾಯಿತು. ನೀರು ಬಸಿಯಲು ಒಂದು ಟಿ ಜೋಡಣೆ, ಒಂದು ಬಾಲ್ ವಾಲ್ವ್, ಅದನ್ನು ಲೂಪಿಗೆ ಸೇರಿಸಲು ಇನ್ನೆರಡು ಫಿಟ್ಟಿಂಗ್, ವಾಲ್ವಿನ ಬಾಯಿಗೆ ಒಂದು ಮುಚ್ಚಳ. ಪೈಪು ತಿರುಗಲು ಜಾಗ ಸಾಲದ ಕಡೆಗೆ 90 ಡಿಗ್ರಿ ತಿರುಗುವ ಅಡಾಪ್ಟರ್ ಎರಡು. ಕೊನೆಗೆ ಹೆಚ್ಚುವರಿ ಫಿಟ್ಟಿಂಗ್ ಎರಡು, ಓ ರಿಂಗ್ (ರಬ್ಬರಿನ ಸಣ್ಣ ಬಳೆ) ಒಂದು ಪುಡಿಕೆ.

ಪೈಪಿಗೆ ಎರಡು ಅಳತೆ ಇರುತ್ತವೆ, ಎರಡೂ ಫಿಟ್ಟಿಂಗಿಗೆ ಹೊಂದಬೇಕು. 10/16 ಎಂದರೆ ಒಳವ್ಯಾಸ 10, ಹೊರವ್ಯಾಸ 16 ಮಿ.ಮೀ. ಅದಕ್ಕೆ 10/13ರ ಫಿಟ್ಟಿಂಗ್ ತಂದರೆ ಪೈಪನ್ನು ಹಿಡಿದಿಡುವ ಕಾಲರ್ ಕೂರುವುದೇ ಇಲ್ಲ. ಮೊದಲ ಸಲಕ್ಕೆ ಮೆತ್ತನೆಯ ಪೈಪೇ ಇರಲಿ, ಅದರಲ್ಲೂ ಕಪ್ಪು ಇಪಿಡಿಎಂ ರಬ್ಬರಿನದು. ಪಾರದರ್ಶಕ ಮೆತ್ತನೆ ಪೈಪು ಕಾಲ ಕಳೆದಂತೆ ಪ್ಲಾಸ್ಟಿಸೈಜರ್, ಅಂದರೆ ತನ್ನನ್ನು ಮೆತ್ತಗಿಡುವ ರಾಸಾಯನಿಕ, ಬಿಡುತ್ತದೆ. ಅದು ಬಿಳಿ ಅಂಟಾಗಿ ಬ್ಲಾಕಿನ ಸೂಕ್ಷ್ಮ ಗೀರುಗಳಲ್ಲಿ ಕೂರುತ್ತದೆ. ಇಪಿಡಿಎಂನಲ್ಲಿ ಆ ಕಾಟವಿಲ್ಲ, ಬೆಳಕೂ ಒಳಹೋಗದು, ಹಾಗಾಗಿ ಪಾಚಿಗೂ ಎಡೆಯಿಲ್ಲ. 3 ಮೀಟರ್ ತರಿಸಿದರೆ ಒಂದೆರಡು ತುಂಡು ತಪ್ಪಿ ಕತ್ತರಿಸಿದರೂ ನಡೆಯುತ್ತದೆ.

ಲೋಹದ ವಿಷಯದಲ್ಲಿ ರಾಜಿ ಬೇಡ. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪ ಒಟ್ಟಿಗೆ ಬಾಳುತ್ತವೆ. ಅಲ್ಯೂಮಿನಿಯಂ ರೇಡಿಯೇಟರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದೇ ನೀರಿನಲ್ಲಿ ತಾಮ್ರದ ಬ್ಲಾಕೂ ಇದ್ದರೆ ಎರಡೂ ಸೇರಿ ಬ್ಯಾಟರಿಯಂತೆ ವರ್ತಿಸುತ್ತವೆ. ಅಲ್ಯೂಮಿನಿಯಂ ಕರಗುತ್ತ ಹೋಗಿ, ಮೊದಲು ನೀರು ಬೂದಾಗುತ್ತದೆ, ಕಡೆಗೆ ರೇಡಿಯೇಟರ್ ತೂತಾಗುತ್ತದೆ. ಜಾಹೀರಾತಿನಲ್ಲಿ ಲೋಹದ ಹೆಸರಿಲ್ಲದಿದ್ದರೆ ಅಲ್ಯೂಮಿನಿಯಂ ಎಂದೇ ತಿಳಿದು ಬಿಟ್ಟುಬಿಡಿ.

ಪಂಪಿಗೆ ಡಿ5 ಜಾತಿಯದು ನೆಮ್ಮದಿ. 12 ವೋಲ್ಟ್, ಪಿಡಬ್ಲ್ಯುಎಂ ವೇಗ ನಿಯಂತ್ರಣ ಇರುವುದನ್ನೇ ಕೇಳಿ. ಕಾರ್ಡಿನ ಬ್ಲಾಕ್ ಕೊಳ್ಳುವಾಗ ಬರೀ 4080 ಎಂದು ನೋಡಿದರೆ ಸಾಲದು. ಒಂದೇ ಚಿಪ್ಪಿನ ಕಾರ್ಡನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಬೋರ್ಡಿನ ಮೇಲೆ ಕಟ್ಟುತ್ತವೆ. ನಿಮ್ಮ ಕಾರ್ಡಿನ ಪೂರ್ಣ ಮಾದರಿ ಸಂಖ್ಯೆ ಬ್ಲಾಕಿನ ಹೊಂದಾಣಿಕೆ ಪಟ್ಟಿಯಲ್ಲಿ ಇದ್ದರೆ ಮಾತ್ರ ಮುಂದುವರಿಯಿರಿ.

ಫಿಟ್ಟಿಂಗ್ ಕೂರುವ ಎಲ್ಲ ತೂತುಗಳ ಥ್ರೆಡ್ ಜಿ 1/4. ಇದೂ ಕಾಲು ಇಂಚಿನ ಹಿತ್ತಾಳೆಯದೇ ಅಲ್ಲವೇ ಎಂದು ನಳದ ಸಾಮಾನಿನ ಅಂಗಡಿಗೆ ಹೋಗುವವರಿದ್ದಾರೆ. ಅಲ್ಲಿಯ ಫಿಟ್ಟಿಂಗ್ ಹೆಚ್ಚಾಗಿ ಓರೆ ಥ್ರೆಡ್ಡಿನದು, ಮುಂದೆ ಹೋದಂತೆ ದಪ್ಪವಾಗುತ್ತದೆ. ನೇರ ಥ್ರೆಡ್ಡಿನ ಬ್ಲಾಕಿಗೆ ತಿರುಗಿಸಿದರೆ ಅಕ್ರಿಲಿಕ್ ಸೀಳುತ್ತದೆ. ಟೆಫ್ಲಾನ್ ಟೇಪೂ ಇಲ್ಲಿ ಬೇಡ. ಸೋರಿಕೆ ತಡೆಯುವುದು ಓ ರಿಂಗ್, ಥ್ರೆಡ್ ಅಲ್ಲ. ಟೇಪಿನ ಎಳೆ ಕಿತ್ತು ಹೋಗಿ ಪಂಪಿಗೋ ಬ್ಲಾಕಿಗೋ ಸಿಕ್ಕಿಕೊಳ್ಳುತ್ತದೆ.

ನೀರು ಎಲ್ಲಿಯದು?

ಹುಬ್ಬಳ್ಳಿ-ಧಾರವಾಡದ ನಳಕ್ಕೆ ಸವದತ್ತಿ ಹತ್ತಿರದ ರೇಣುಕಾಸಾಗರದ ಮಲಪ್ರಭಾ ನೀರು ಬರುತ್ತದೆ, ಗದಗ-ಬೆಟಗೇರಿಗೂ ಹಾವೇರಿಗೂ ತುಂಗಭದ್ರೆಯದು. ಕುಡಿಯಲು ಒಳ್ಳೆಯದೇ, ಲೂಪಿಗೆ ಬೇಡ. ಬೋರಿನ ನೀರಂತೂ ದೂರವೇ ಇರಲಿ. ಗೀಸರಿನ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುವ ಅದೇ ಸುಣ್ಣ, ಬ್ಲಾಕಿನೊಳಗಿನ ಅರ್ಧ ಮಿ.ಮೀ.ಗಿಂತ ಸಣ್ಣ ಗೀರುಗಳಲ್ಲೂ ಕಟ್ಟುತ್ತದೆ. ಮನೆಯ ಆರ್‌ಒ ನೀರಿನಲ್ಲಿಯೂ ಉಪ್ಪಿನ ಅಂಶ ಉಳಿದಿರುತ್ತದೆ.

ಬೇಕಾದದ್ದು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ 5 ಲೀಟರ್ ಕ್ಯಾನು ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ಎರಡು ಎಚ್ಚರಿಕೆ: ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಅಂಥದೇ ಕ್ಯಾನಿನಲ್ಲಿ ಇರುತ್ತದೆ, ಆದ್ದರಿಂದ ಸೀಲ್ ಒಡೆಯದ, ಚೀಟಿ ಇರುವ ಕ್ಯಾನನ್ನೇ ಕೇಳಿ ತೆಗೆದುಕೊಳ್ಳಿ. ಮನೆಗೆ ತಂದ ಮೇಲೆ ಆರ್‌ಒ ರಿಪೇರಿಯವರ ಬಳಿ ಇರುವ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವ) ಮೀಟರ್ ಅದ್ದಿ ನೋಡಿ. 5 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. 40, 50 ತೋರಿಸಿದರೆ ಅದು ಹೆಸರಿಗಷ್ಟೇ ಡಿಸ್ಟಿಲ್ಡ್.

ಬರೀ ಡಿಸ್ಟಿಲ್ಡ್ ನೀರೂ ಸಾಲದು, ತುಕ್ಕು ತಡೆಯುವ ಮತ್ತು ಪಾಚಿ ಕೊಲ್ಲುವ ರಾಸಾಯನಿಕ ಬೇಕು. ಸುಲಭದ ದಾರಿ ಕೂಲಂಟ್ ಕಾನ್ಸನ್ಟ್ರೇಟ್. 100 ಮಿ.ಲೀ.ಗೆ 900 ಮಿ.ಲೀ. ಡಿಸ್ಟಿಲ್ಡ್ ಬೆರೆಸಿ ಒಂದು ಲೀಟರ್ ಮಾಡುವಂಥವು ಹೆಚ್ಚು, ಆದರೂ ಬಾಟಲಿಯ ಮೇಲಿನ ಅಳತೆಯೇ ಅಂತಿಮ. ಎರಡು ರೇಡಿಯೇಟರಿನ ಲೂಪಿಗೆ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ, 2 ಲೀಟರಿಗೆ ಆಗುವಷ್ಟು ಇಟ್ಟುಕೊಳ್ಳಿ. ಬಣ್ಣವಿಲ್ಲದ ತಿಳಿಯಾದದ್ದು ಎಲ್ಲಕ್ಕಿಂತ ಒಳ್ಳೆಯದು. ಹಾಲಿನಂತೆ ದಟ್ಟ ಬಣ್ಣದ ಕೂಲಂಟಿನಲ್ಲಿ ಘನ ಕಣಗಳಿರುತ್ತವೆ, ಕೆಲ ತಿಂಗಳಲ್ಲಿ ತಳ ಹಿಡಿಯುತ್ತವೆ. ಕಾರಿನ ಕೂಲಂಟ್ ವಿಷ, ಮನೆಯಲ್ಲಿ ಮಕ್ಕಳಿರುವ ಕಡೆ ಅದರ ಸಹವಾಸ ಬೇಡ.

ಜೋಡಣೆ

ರೇಡಿಯೇಟರ್ ತೊಳೆಯುವುದರಿಂದ ಶುರು ಮಾಡಿ. ಹೊಸದೇ ಆದರೂ ಒಳಗೆ ಬೆಸುಗೆಯ ಫ್ಲಕ್ಸ್, ಲೋಹದ ಪುಡಿ ಇರುತ್ತವೆ. ಬಿಸಿ ಮಾಡಿದ ಡಿಸ್ಟಿಲ್ಡ್ ನೀರನ್ನು ಅರ್ಧ ತುಂಬಿಸಿ, ತೂತು ಮುಚ್ಚಿ, ಎರಡು ನಿಮಿಷ ಚೆನ್ನಾಗಿ ಕುಲುಕಿ, ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಬಟ್ಟೆಯ ಮೇಲೆ ಏನೂ ಉಳಿಯದವರೆಗೆ ಮಾಡುತ್ತಿರಿ, ಮೂರು ನಾಲ್ಕು ಸಲ ಬೇಕಾಗುತ್ತದೆ. 5 ಲೀಟರಿನ ಕ್ಯಾನು ಹೇಳಿದ್ದು ಇದಕ್ಕೂ ಸೇರಿಸಿ. ಇದನ್ನು ಬಿಟ್ಟವರ ಬ್ಲಾಕು ಆರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ.

ಫ್ಯಾನು ಕೂರಿಸುವಾಗ ಸ್ಕ್ರೂವಿನ ಉದ್ದ ಅಳೆಯಿರಿ. 25 ಮಿ.ಮೀ. ದಪ್ಪದ ಫ್ಯಾನಿಗೆ 30 ಮಿ.ಮೀ. ಸ್ಕ್ರೂ ಸಾಮಾನ್ಯ. ಅದನ್ನೇ ಫ್ಯಾನಿಲ್ಲದೆ ಕೇಸಿಗೆ ನೇರ ಬಿಗಿದರೆ ತುದಿ ರೇಡಿಯೇಟರಿನ ನೀರಿನ ಕೊಳವೆಗೆ ಚುಚ್ಚುತ್ತದೆ, ಹೊಸ ರೇಡಿಯೇಟರ್ ಗುಜರಿಗೆ ಹೋಗುತ್ತದೆ. ಅಲ್ಲಿಗೆ 5 ಅಥವಾ 6 ಮಿ.ಮೀ. ಸಾಕು.

ಕಾರ್ಡಿನ ಕೆಲಸ ಅತಿ ಸೂಕ್ಷ್ಮದ್ದು, ಬೆಳಕಿರುವಾಗ ಕುಳಿತು ಮಾಡಿ. ವಾರಂಟಿ ಕಾಗದ ಮೊದಲೇ ಓದಿ, ಕೂಲರ್ ಬಿಚ್ಚಿದರೆ ವಾರಂಟಿ ಕಳೆದುಕೊಳ್ಳುವ ಸಂದರ್ಭಗಳಿವೆ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದಕ್ಕೆ ಚುಚ್ಚಿಡಿ. ಕೂಲರನ್ನು ಎಳೆಯಬೇಡಿ, ಮೆಲ್ಲಗೆ ಎತ್ತಿ ಫ್ಯಾನಿನ ವೈರು ಬಿಡಿಸಿ. ಚಿಪ್ಪಿನ ಮೇಲಿನ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವುದು ಇದನ್ನೇ. ಮೆಮೊರಿ ಚಿಪ್ಪಿಗೂ ಬ್ಲಾಕಿಗೂ ನಡುವೆ ಇಡುವ ಥರ್ಮಲ್ ಪ್ಯಾಡಿನ ದಪ್ಪ ಬ್ಲಾಕಿನ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. 1 ಮಿ.ಮೀ. ಇರಬೇಕಾದಲ್ಲಿ 1.5 ಹಾಕಿದರೆ ಬ್ಲಾಕು ಮೆಮೊರಿಯ ಮೇಲೆ ನಿಂತು ಮುಖ್ಯ ಚಿಪ್ಪನ್ನು ಮುಟ್ಟುವುದೇ ಇಲ್ಲ, ಆನ್ ಮಾಡಿದ ಕೆಲವೇ ಕ್ಷಣಗಳಲ್ಲಿ 90 ದಾಟುತ್ತದೆ. ಚಿಪ್ಪಿನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಪ್ರೊಸೆಸರ್ ಬ್ಲಾಕಿಗೂ ಅದೇ ರೀತಿ. ರೈಜನ್ 7000 ಕೂರುವ ಎಎಂ5 ಬೋರ್ಡಾದರೆ ಅದರದೇ ಹಿಂಫಲಕ ಬಳಕೆಯಾಗುತ್ತದೆ. ಈ ಬ್ಲಾಕಿನಲ್ಲಿ ನೀರು ಒಳಬರುವ ತೂತು, ಹೊರಹೋಗುವ ತೂತು ಬೇರೆ ಬೇರೆ, ಗುರುತು ನೋಡಿ. ತಿರುಗುಮುರುಗಾದರೆ ಕೆಲಸ ಮಾಡುತ್ತದೆ, ಆದರೆ ಕೆಲವು ಡಿಗ್ರಿ ಸುಮ್ಮನೆ ಹೆಚ್ಚು.

ಪೈಪಿನ ದಾರಿಯ ಬಗ್ಗೆ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ: ಮೊದಲು ಪ್ರೊಸೆಸರೋ, ಕಾರ್ಡೋ, ನಡುವೆ ರೇಡಿಯೇಟರ್ ಬೇಕೋ ಎಂದು. ಗಂಟೆಗೆ 200 ಲೀಟರ್ ಹರಿಯುವ ಲೂಪಿನಲ್ಲಿ 320 ವ್ಯಾಟ್ ಹೀರಿದ ನೀರು ಆ ಬ್ಲಾಕು ದಾಟುವಾಗ ಬಿಸಿಯಾಗುವುದು 1.4 ಡಿಗ್ರಿ ಮಾತ್ರ. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಲೂಪಿನ ಎಲ್ಲ ಕಡೆ ನೀರು ಹೆಚ್ಚೂಕಡಿಮೆ ಒಂದೇ ಬಿಸಿ. ಪೈಪು ಎಲ್ಲಿ ಚಿಕ್ಕದಾಗಿ, ಮಡಚಿಕೊಳ್ಳದೆ ಹೋಗುತ್ತದೋ ಅದೇ ಸರಿಯಾದ ದಾರಿ. ಕಡ್ಡಾಯ ಎರಡೇ. ಟ್ಯಾಂಕು ಪಂಪಿನ ಮೇಲಿದ್ದು, ನೀರು ತಾನಾಗಿ ಪಂಪಿಗೆ ಇಳಿಯಬೇಕು. ಟಿ ಮತ್ತು ಬಾಲ್ ವಾಲ್ವ್ ಲೂಪಿನ ಅತಿ ಕೆಳಗಿನ ಜಾಗದಲ್ಲಿರಬೇಕು.

ಪೈಪನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ತುದಿಯನ್ನು ಹತ್ತು ಸೆಕೆಂಡು ಬಿಸಿನೀರಲ್ಲಿ ಅದ್ದಿ, ಫಿಟ್ಟಿಂಗಿನ ಬುಡ ಮುಟ್ಟುವವರೆಗೆ ಒತ್ತಿ, ಆಮೇಲೆ ಕಾಲರ್ ತಿರುಗಿಸಿ. ಫಿಟ್ಟಿಂಗನ್ನು ಬ್ಲಾಕಿಗೆ ಕೂರಿಸುವುದು ಬರೀ ಕೈಯಿಂದ. ಓ ರಿಂಗ್ ಒತ್ತಿಕೊಂಡು ಕೈಗೆ ತಡೆ ಸಿಕ್ಕ ಮೇಲೆ ಇನ್ನೊಂದು ಚೂರು, ಅಷ್ಟೇ. ಪಾನಾ ಹಾಕಿ ಬಿಗಿದರೆ ಓ ರಿಂಗ್ ಜರುಗಿ ಹೊರಬರುತ್ತದೆ, ಇಲ್ಲವೇ ಅಕ್ರಿಲಿಕ್ ಬಿರುಕು ಬಿಡುತ್ತದೆ. ಸೋರಿಕೆಗೆ ಸಡಿಲು ಎಷ್ಟು ಕಾರಣವೋ ಅತಿ ಬಿಗಿಯೂ ಅಷ್ಟೇ ಕಾರಣ.

ನೀರಿಗೆ ಮೊದಲು ಗಾಳಿ

ಸೋರಿಕೆ ಪರೀಕ್ಷೆಯ ಕೈಪಂಪು, ಮೀಟರಿನ ಸಮೇತ, ಫಿಟ್ಟಿಂಗುಗಳ ಜೊತೆಗೇ ತರಿಸಿ. ಲೂಪಿನ ಎಲ್ಲ ಬಾಯಿ ಮುಚ್ಚಿ, ಟ್ಯಾಂಕಿನ ಮೇಲಿನ ತೂತಿಗೆ ಅದನ್ನು ಹಾಕಿ 0.5 ಬಾರ್ ವರೆಗೆ ಒತ್ತಿ, ಅದಕ್ಕಿಂತ ಹೆಚ್ಚು ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ, ಟ್ಯಾಂಕು ಒಡೆಯುತ್ತದೆ. ಮುಳ್ಳು ಅರ್ಧ ಗಂಟೆ ಅಲ್ಲೇ ನಿಂತಿರಬೇಕು. ಕೋಣೆಯ ಉಷ್ಣತೆ 3 ಡಿಗ್ರಿ ಬದಲಾದರೆ ಒತ್ತಡ ಸುಮಾರು 0.015 ಬಾರ್ ಏರಿಳಿಯುತ್ತದೆ, ಅಷ್ಟು ಫರಕಿಗೆ ಹೆದರಬೇಡಿ. 0.1 ಇಳಿದರೆ ಎಲ್ಲೋ ದಾರಿ ಇದೆ. ಆಗ ಲೂಪನ್ನು ಅರ್ಧಕ್ಕೆ ಬಿಡಿಸಿ, ಬಾಯಿಗೆ ಮುಚ್ಚಳ ಹಾಕಿ, ಯಾವ ಅರ್ಧ ಇಳಿಯುತ್ತದೆ ನೋಡಿ, ಮತ್ತೆ ಅದರ ಅರ್ಧ. ಹತ್ತರಲ್ಲಿ ಒಂಬತ್ತು ಸಲ ಸಿಗುವುದು ಜರುಗಿದ ಓ ರಿಂಗ್ ಅಥವಾ ಪರೀಕ್ಷೆಯ ಪಂಪಿನದೇ ಸಡಿಲು ಜೋಡಣೆ.

ತುಂಬಿಸುವುದು

1. ಮದರ್‌ಬೋರ್ಡಿನ 24 ಪಿನ್ ವೈರು, ಪ್ರೊಸೆಸರ್ ಮತ್ತು ಕಾರ್ಡಿನ ವಿದ್ಯುತ್ ವೈರು ಎಲ್ಲ ಬಿಡಿಸಿ. ಪವರ್ ಸಪ್ಲೈಗೆ ಪಂಪು ಮಾತ್ರ ಜೋಡಿಸಿರಬೇಕು.

2. 24 ಪಿನ್ ತುದಿಗೆ ಬೋರ್ಡಿಲ್ಲದೆಯೂ ಪವರ್ ಸಪ್ಲೈ ಆನ್ ಆಗಿಸುವ ಸಿದ್ಧ ಜಂಪರ್ ಮುಚ್ಚಳ ಹಾಕಿ. ಈಗ ಪವರ್ ಸಪ್ಲೈ ಹಿಂದಿನ ಸ್ವಿಚ್ಚೇ ಪಂಪಿನ ಸ್ವಿಚ್.

3. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಡಿ. ಒದ್ದೆ ತಕ್ಷಣ ಕಾಣುತ್ತದೆ.

4. ಟ್ಯಾಂಕು ತುಂಬಿಸಿ, ಸ್ವಿಚ್ ಹಾಕಿ. ನೀರು ಪಂಪಿನ ಹತ್ತಿರ ಇಳಿಯುವ ಮೊದಲೇ, ಅಂದರೆ ಮೂರು ನಾಲ್ಕು ಸೆಕೆಂಡಿಗೆ, ಆಫ್ ಮಾಡಿ. ಮತ್ತೆ ತುಂಬಿಸಿ. ನೀರು ಸುತ್ತಿ ವಾಪಸ್ ಬರುವವರೆಗೆ ಹೀಗೇ. ಪಂಪಿನ ಬೇರಿಂಗಿಗೆ ನೀರೇ ಎಣ್ಣೆ, ಒಣಗಿ ತಿರುಗಿದರೆ ಕೆಡುತ್ತದೆ.

ಇಲ್ಲಿ ನಮ್ಮೂರಿನದೇ ಒಂದು ಅಪಾಯ ಇದೆ. ನಡುವೆ ಕರೆಂಟು ಹೋದರೆ ಮೊದಲು ಹಿಂದಿನ ಸ್ವಿಚ್ ಆಫ್ ಮಾಡಿ. ಜಂಪರ್ ಹಾಕಿದ ಪವರ್ ಸಪ್ಲೈ, ಕರೆಂಟು ಬಂದ ಕ್ಷಣವೇ ಪಂಪು ತಿರುಗಿಸುತ್ತದೆ. ಟ್ಯಾಂಕು ಖಾಲಿ ಇದ್ದು ನೀವು ಹೊರಗೆ ಹೋಗಿದ್ದರೆ ಅಲ್ಲಿಗೆ ಪಂಪಿನ ಕಥೆ ಮುಗಿಯಿತು.

ನೀರು ಸುತ್ತತೊಡಗಿದ ಮೇಲೆ ಕೇಸನ್ನು ಹಿಂದೆ ಮುಂದೆ, ಎಡಬಲಕ್ಕೆ ನಿಧಾನ ವಾಲಿಸಿ. ರೇಡಿಯೇಟರಿನಲ್ಲಿ ಸಿಕ್ಕ ಗುಳ್ಳೆ ಗುಳುಗುಳು ಎಂದು ಟ್ಯಾಂಕಿಗೆ ಬರುತ್ತದೆ, ನೀರಿನ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ. ಗಾಳಿ ಪರೀಕ್ಷೆ ಪಾಸಾಗಿದ್ದರೆ ಇಲ್ಲಿ ನಾಲ್ಕೈದು ತಾಸು ಸಾಕು, ಆ ಪರೀಕ್ಷೆ ಮಾಡಿರದಿದ್ದರೆ ಪೂರ್ತಿ ಒಂದು ದಿನ ಓಡಿಸಿ. ಟಿಶ್ಯೂ ಒಣಗಿದ್ದರೆ ಮಾತ್ರ ಬೋರ್ಡಿಗೆ ವಿದ್ಯುತ್ ಕೊಡಿ. ಮೇಲೆ ನೀರು ಬಿದ್ದಿದ್ದರೆ ಒರೆಸಿ, ಒಂದು ದಿನ ಫ್ಯಾನಿನ ಗಾಳಿಗೆ ಬಿಡಿ. ಅವಸರ ಮಾಡುವ ಜಾಗ ಇದಲ್ಲ.

ವೇಗ ಹೊಂದಿಸುವುದು

ಡಿ5 ಪಂಪಿನ ವಿದ್ಯುತ್ತು ನೇರ ಪವರ್ ಸಪ್ಲೈಯಿಂದ ಬರುತ್ತದೆ, ವೇಗದ ವೈರು ಮಾತ್ರ ಮದರ್‌ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ (ವೈರು ಚುಚ್ಚುವ ಪಿನ್ನುಗಳಿಗೆ). ಹಾಗೆ ಹಾಕಿದರೆ ಪಂಪು ನಿಂತಾಗ ಬೋರ್ಡು ಎಚ್ಚರಿಸುತ್ತದೆ. ಬಯಾಸಿನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗಿನಲ್ಲಿ, ಪಂಪಿನ ವೇಗವನ್ನು 60ರಿಂದ 70 ಶೇಕಡಾ ಸ್ಥಿರವಾಗಿ ಇಡಿ. ಪ್ರೊಸೆಸರಿನ ಉಷ್ಣತೆಗೆ ತಕ್ಕಂತೆ ಪಂಪು ಏರಿಳಿಯುವುದರಲ್ಲಿ ಅರ್ಥವಿಲ್ಲ.

ಫ್ಯಾನುಗಳನ್ನು ನೀರಿನ ಉಷ್ಣತೆಗೆ ಕಟ್ಟಬೇಕು. ಪ್ರೊಸೆಸರ್ ಒಂದು ಕ್ಷಣದಲ್ಲಿ 50ರಿಂದ 80ಕ್ಕೆ ಜಿಗಿಯುತ್ತದೆ, ನೀರು ಬಿಸಿಯಾಗಲು ನಿಮಿಷಗಳು ಬೇಕು. ಜಿ 1/4 ಥ್ರೆಡ್ಡಿನ 10ಕೆ ಉಷ್ಣತಾ ಸೆನ್ಸರ್ ಒಂದನ್ನು ಲೂಪಿಗೆ ಹಾಕಿ, ಬೋರ್ಡಿನ ಉಷ್ಣತಾ ಸೆನ್ಸರ್ ಹೆಡರಿಗೆ ಜೋಡಿಸಿ. ಹೊರಗಿನಿಂದ ಎರವಲು ತಂದ ಫ್ಯಾನ್ ಕರ್ವ್ (ಯಾವ ಉಷ್ಣತೆಗೆ ಎಷ್ಟು ವೇಗ ಎಂಬ ಹೊಂದಿಕೆ) ಇಲ್ಲಿ ಕೆಲಸಕ್ಕೆ ಬಾರದು, ಅದು 40 ಡಿಗ್ರಿಗೇ ಫ್ಯಾನನ್ನು ಪೂರ್ತಿ ಓಡಿಸುತ್ತದೆ, ಮೇ ತಿಂಗಳಲ್ಲಿ ಯಂತ್ರ ಸುಮ್ಮನಿದ್ದಾಗಲೂ ನಮ್ಮ ನೀರು ಅಷ್ಟಿರುತ್ತದೆ. ಬೇಸಿಗೆಗೆ 40ರವರೆಗೆ 600 ಸುತ್ತು, 45ಕ್ಕೆ 1000, 50ಕ್ಕೆ 1500 ಎಂದಿಡಿ. ಡಿಸೆಂಬರಿಗೆ ಎಲ್ಲವನ್ನೂ 8 ಡಿಗ್ರಿ ಕೆಳಗಿಳಿಸಿ. 55 ದಾಟಿದರೆ ಯಂತ್ರ ತಾನೇ ನಿಲ್ಲುವಂತೆ ಮಾಡಲು ಬೋರ್ಡಿನಲ್ಲಿ ಅವಕಾಶವಿದ್ದರೆ ಬಿಡಬೇಡಿ. ಮಳೆಗಾಲದ ತೇವಕ್ಕೆ ಪೈಪು ಬೆವರೀತೇ ಎಂಬ ಹೆದರಿಕೆ ಬೇಡ. ನೀರು ಕೋಣೆಗಿಂತ ಬಿಸಿಯೇ ಇರುವುದರಿಂದ ಹನಿಗಟ್ಟುವುದಿಲ್ಲ.

ಆಮೇಲಿನ ಆರೈಕೆ

ಮೊದಲ ವಾರ ಟ್ಯಾಂಕಿನ ಮಟ್ಟ ಸ್ವಲ್ಪ ಇಳಿಯುತ್ತದೆ, ಉಳಿದ ಗಾಳಿ ಹೊರಬರುವ ಲಕ್ಷಣ ಅದು. ತಿಂಗಳುಗಟ್ಟಲೆ ಇಳಿಯುತ್ತಲೇ ಇದ್ದರೆ ಜೋಡಣೆಗಳ ಸುತ್ತ ಒಣಗಿದ ಬಿಳಿ ಕಲೆ ಹುಡುಕಿ. ನೀರಿನ ಬಿಸಿ ಮೊದಲಿನಷ್ಟೇ ಇದ್ದು ಪ್ರೊಸೆಸರ್ ಮಾತ್ರ ಏರುತ್ತಿದ್ದರೆ ಬ್ಲಾಕು ಕಟ್ಟಿಕೊಂಡಿದೆ ಅಥವಾ ಪೇಸ್ಟು ಒಣಗಿದೆ. ನೀರೇ ಏರುತ್ತಿದ್ದರೆ ರೇಡಿಯೇಟರಿಗೆ ಧೂಳು ಹೊಕ್ಕಿದೆ. ಈ ಎರಡರ ಫರಕು ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಜಾಲರಿಯನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ರೇಡಿಯೇಟರಿಗೆ ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಂಡು. ಕೂಲಂಟನ್ನು ವರ್ಷಕ್ಕೊಮ್ಮೆ ಬದಲಿಸಲು ಶಿವರಾತ್ರಿಯ ಹೊತ್ತು ಹೇಳಿಮಾಡಿಸಿದ್ದು. ಚಳಿ ಹೋಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ಹೋಳಿ ಬಣ್ಣದ ಪುಡಿ ಗಾಳಿಗೆ ಬರುವ ಮೊದಲು ಕೇಸು ಮುಚ್ಚಿರುತ್ತದೆ. ಬಾಲ್ ವಾಲ್ವಿಗೆ ಪೈಪು ಹಾಕಿ ಬಕೆಟ್ಟಿಗೆ ಬಿಡಿ, ಟ್ಯಾಂಕಿನ ಮೇಲಿನ ಮುಚ್ಚಳ ತೆರೆದರೆ ಮಾತ್ರ ನೀರು ಸರಾಗ ಇಳಿಯುತ್ತದೆ. ಬಿಳಿ ಬಟ್ಟಲಲ್ಲಿ ಹಿಡಿದು ನೋಡಿ: ತಿಳಿಯಾಗಿದ್ದರೆ ಒಮ್ಮೆ ಡಿಸ್ಟಿಲ್ಡ್ ನೀರು ಸುತ್ತಿಸಿ ಹೊಸದು ತುಂಬಿಸಿ. ಹಸಿರು ಎಳೆಯೋ ಬೂದು ಕೆಸರೋ ಕಂಡರೆ ಬ್ಲಾಕುಗಳನ್ನು ಬಿಚ್ಚಿ, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಗೀರುಗಳ ಉದ್ದಕ್ಕೂ ತಿಕ್ಕಿ, ಓ ರಿಂಗನ್ನು ಅದರ ತೋಡಿನಲ್ಲಿ ಸರಿಯಾಗಿ ಕೂರಿಸಿ ಮುಚ್ಚಿ, ಮತ್ತೆ ಗಾಳಿ ಪರೀಕ್ಷೆಯಿಂದಲೇ ಶುರು ಮಾಡಿ.